ಬಂಡೆಗಲ್ಲಿನ ಹಾದಿಯಲ್ಲಿ ಮೌಂಟೇನ್ ಬೈಕಿಂಗ್: ಸ್ನೇಹಿತರ ಜೊತೆ ಹೊರಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಭಾನುವಾರ ಬೆಳಗಾದರೆ ಪುಣೆಯ ಗುಡ್ಡಗಳಲ್ಲಿ, ಹೈದರಾಬಾದಿನ ಬಂಡೆಗಳ ನಡುವೆ, ದೆಹಲಿ ಹೊರವಲಯದ ಅರಾವಳಿ ಸಾಲಿನಲ್ಲಿ ದಪ್ಪ ಟೈರಿನ ಸೈಕಲ್ ಏರಿದವರು ಕಾಣಸಿಗುತ್ತಾರೆ. ನಮ್ಮಲ್ಲಿ 'ಬೈಕ್' ಎಂದರೆ ಮೋಟಾರ್ ಬೈಕ್ ಎಂದೇ ಅರ್ಥ. ಆದರೆ ಮೌಂಟೇನ್ ಬೈಕಿಂಗ್ ಎಂದರೆ ಬೆಟ್ಟದ ಕಾಲುದಾರಿಯಲ್ಲಿ ಸೈಕಲ್ ತುಳಿಯುವುದು. ಚಿಕ್ಕದಾಗಿ ಎಂಟಿಬಿ ಎನ್ನುತ್ತಾರೆ.

ಮೊದಮೊದಲು ಎಲ್ಲರೂ ಮಣ್ಣಿನ ಹಾದಿಯಲ್ಲೇ ತುಳಿಯುತ್ತಾರೆ. ಅದು ಅಭ್ಯಾಸವಾದ ಮೇಲೆ ಮನಸ್ಸು ಕಲ್ಲಿನ ಹಾದಿಯತ್ತ ಎಳೆಯುತ್ತದೆ. ಕಷ್ಟ ಶುರುವಾಗುವುದೂ ಅಲ್ಲೇ. ಮಣ್ಣಿನ ಮೇಲೆ ಬಿದ್ದರೆ ಬಹುತೇಕ ಮೊಣಕೈ ತರಚಿ ಮುಗಿಯುತ್ತದೆ. ಕಲ್ಲಿನ ಮೇಲೆ ಬಿದ್ದರೆ ಮಣಿಕಟ್ಟು, ಕಾಲರ್ ಬೋನ್ ಮುರಿಯಬಹುದು, ತಲೆಗೆ ಪೆಟ್ಟಾಗಬಹುದು. ಬಿದ್ದ ಜಾಗಕ್ಕೆ ಆಂಬುಲೆನ್ಸ್ ಬರುವಂತಿರುವುದಿಲ್ಲ, ಫೋನಿಗೆ ಸಿಗ್ನಲ್ ಇರುತ್ತದೆ ಎಂಬ ಖಾತ್ರಿಯೂ ಇಲ್ಲ. ಹೀಗಾಗಿ ಕಲ್ಲಿನ ಹಾದಿಗೆ ಒಬ್ಬರೇ ಹೋಗಬಾರದು.

ಆದರೆ ಜೊತೆಗೊಬ್ಬರು ಇದ್ದ ಮಾತ್ರಕ್ಕೆ ಸುರಕ್ಷತೆ ಬರುವುದಿಲ್ಲ. ಇಬ್ಬರೂ ಕೆಲಸ ಹಂಚಿಕೊಂಡಿದ್ದರೆ ಮಾತ್ರ ಜೊತೆ ಉಪಯೋಗಕ್ಕೆ ಬರುತ್ತದೆ. ಇಲ್ಲದಿದ್ದರೆ ಪೈಪೋಟಿ, ಹುಮ್ಮಸ್ಸು, ಸಂಕೋಚ ಸೇರಿಕೊಂಡು ಅಪಾಯ ಹೆಚ್ಚಲೂಬಹುದು. ಈ ಹಾದಿ ಎಂಥದ್ದು, ಸೈಕಲ್ ಹೇಗಿರಬೇಕು, ಇಬ್ಬರಲ್ಲಿ ಯಾರು ಏನು ಮಾಡಬೇಕು? ಇಲ್ಲಿದೆ ವಿವರ.

'ಟೆಕ್ನಿಕಲ್' ಹಾದಿ ಎಂದರೇನು?

ಎಷ್ಟು ದೂರ, ಎಷ್ಟು ಏರು ಎಂಬುದಕ್ಕಿಂತ ಸೈಕಲ್ ಮೇಲಿನ ಹಿಡಿತವೇ ಮುಖ್ಯವಾಗುವ ಹಾದಿಯನ್ನು ಟೆಕ್ನಿಕಲ್ ಎನ್ನುತ್ತಾರೆ. ಒತ್ತೊತ್ತಾಗಿ ಹರಡಿದ ಕಲ್ಲುಗಳ ಜಾಗಕ್ಕೆ ರಾಕ್ ಗಾರ್ಡನ್, ಮೆಟ್ಟಿಲಿನಂತೆ ಕೆಳಕ್ಕೆ ಬೀಳುವ ಅಂಚಿಗೆ ಡ್ರಾಪ್, ಹಾಸುಬಂಡೆಗೆ ಸ್ಲ್ಯಾಬ್, ಸೈಕಲ್ ಸಾಗುವ ಜಾಡಿಗೆ ಲೈನ್ ಎಂಬ ಹೆಸರುಗಳಿವೆ.

ಅಂತಾರಾಷ್ಟ್ರೀಯ ಸಂಘಟನೆಯಾದ ಇಂಬಾ ಹಾದಿಗಳ ಕಷ್ಟವನ್ನು ಬಣ್ಣಗಳಲ್ಲಿ ಗುರುತಿಸುತ್ತದೆ. ಹಸಿರು ವೃತ್ತವೆಂದರೆ ಸುಲಭ, ನೀಲಿ ಚೌಕವೆಂದರೆ ಮಧ್ಯಮ, ಕಪ್ಪು ವಜ್ರವೆಂದರೆ ಕಠಿಣ, ಎರಡು ಕಪ್ಪು ವಜ್ರವೆಂದರೆ ಅತಿ ಕಠಿಣ. ತಪ್ಪಿಸಿಕೊಳ್ಳಲಾಗದ ಅಡ್ಡಿಯ ಎತ್ತರ ಹಸಿರು ಹಾದಿಯಲ್ಲಿ ಸುಮಾರು 5 ಸೆಂ.ಮೀ., ನೀಲಿಯಲ್ಲಿ ಸುಮಾರು 20 ಸೆಂ.ಮೀ., ಕಪ್ಪು ಹಾದಿಯಲ್ಲಿ ಸುಮಾರು 38 ಸೆಂ.ಮೀ. ಮೀರಬಾರದು ಎಂಬುದು ಅದರ ಒಂದು ಅಳತೆಗೋಲು. ನಮ್ಮ ಊರುಗಳ ಸುತ್ತಲಿನ ಬಹುತೇಕ ಗುಡ್ಡದ ಹಾದಿಗಳಲ್ಲಿ ಇಂಥ ಫಲಕಗಳಿಲ್ಲ. ಹಾದಿಯ ಕಷ್ಟವನ್ನು ಸವಾರರೇ ನೋಡಿ ಅಳೆದುಕೊಳ್ಳಬೇಕು.

ಇಳಿಜಾರಿನಲ್ಲಿ ಹುಟ್ಟಿದ ಆಟ

ಈ ಕ್ರೀಡೆಯ ಬೇರು ಇರುವುದು ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ. 1976ರಲ್ಲಿ ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ ಕೆಲವು ಸ್ನೇಹಿತರು ಹಳೆಯ ದಪ್ಪ ಟೈರಿನ ಸೈಕಲ್‌ಗಳನ್ನು ಬೆಟ್ಟದ ಮಣ್ಣುರಸ್ತೆಯಲ್ಲಿ ಇಳಿಸುವ ಸ್ಪರ್ಧೆ ಶುರು ಮಾಡಿದರು. ಇಳಿದು ಮುಗಿಸುವಷ್ಟರಲ್ಲಿ ಹಿಂದಿನ ಚಕ್ರದ ಬ್ರೇಕ್ ಕಾದು, ಒಳಗಿನ ಗ್ರೀಸ್ ಸುಟ್ಟುಹೋಗುತ್ತಿತ್ತು. ಪ್ರತಿ ಸಲವೂ ಹೊಸ ಗ್ರೀಸ್ ತುಂಬಬೇಕಿದ್ದರಿಂದ ಆ ಹಾದಿಗೆ 'ರೀಪ್ಯಾಕ್' ಎಂಬ ಹೆಸರೇ ನಿಂತಿತು.

ಜೋ ಬ್ರೀಜ್ 1977ರಲ್ಲಿ ಬೆಟ್ಟಕ್ಕೆಂದೇ ಹೊಸ ಸೈಕಲ್ ಕಟ್ಟಿದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಗೆ ಬಂತು. ಯುಸಿಐ ಮಾನ್ಯತೆಯ ಮೊದಲ ವಿಶ್ವ ಚಾಂಪಿಯನ್‌ಷಿಪ್ 1990ರಲ್ಲಿ ಕೊಲೊರಾಡೊದ ಡುರಾಂಗೊದಲ್ಲಿ ನಡೆಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಕ್ರಾಸ್ ಕಂಟ್ರಿ ವಿಭಾಗ ಸೇರ್ಪಡೆಯಾಯಿತು.

ಎಲ್ಲ ಕಲ್ಲೂ ಒಂದೇ ಅಲ್ಲ

ಕಲ್ಲಿನ ಹಾದಿ ಎಂದಾಕ್ಷಣ ಎಲ್ಲವೂ ಒಂದೇ ಎಂದುಕೊಳ್ಳುವಂತಿಲ್ಲ. ಊರು ಬದಲಾದರೆ ಕಲ್ಲಿನ ಗುಣವೂ ಬದಲಾಗುತ್ತದೆ, ಅದಕ್ಕೆ ತಕ್ಕಂತೆ ಟೈರಿನ ಹಿಡಿತವೂ.

ಹೈದರಾಬಾದ್: ಇಲ್ಲಿನದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಹಂಪಿಯ ಗುಂಡುಬಂಡೆಗಳನ್ನು ಕಂಡವರಿಗೆ ಈ ನೋಟ ಹೊಸದೇನಲ್ಲ. ಒಣಗಿದ ಗ್ರಾನೈಟ್ ಒರಟಾಗಿದ್ದು ಟೈರನ್ನು ಚೆನ್ನಾಗಿ ಹಿಡಿಯುತ್ತದೆ. ಅಪಾಯ ಇರುವುದು ಬಂಡೆಯಿಂದ ಉದುರಿ ಅದರ ಮೇಲೆಯೇ ಹರಡಿದ ಗರಸಿನಲ್ಲಿ. ಹಾಸುಬಂಡೆಯ ಮೇಲೆ ಗರಸು ಇದ್ದರೆ ಚಕ್ರ ಜಾರುವುದು ಗೊತ್ತೇ ಆಗುವುದಿಲ್ಲ.

ಪುಣೆ, ಮುಂಬೈ: ಸಹ್ಯಾದ್ರಿಯ ಈ ಭಾಗ ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾದಿಂದ ಆದ ಬಸಾಲ್ಟ್. ಕಪ್ಪು ಕಲ್ಲು ಒಡೆದು ಮುಷ್ಟಿಗಾತ್ರದ ಚೂರುಗಳಾಗಿ ಹಾದಿಯಲ್ಲಿ ಹರಡಿರುತ್ತದೆ. ಇವು ಚಕ್ರದಡಿ ಉರುಳುತ್ತವೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಬಸಾಲ್ಟ್ ಮೇಲೆ ಬ್ರೇಕ್ ಹಿಡಿದರೂ ಸೈಕಲ್ ನಿಲ್ಲುವುದು ಕಷ್ಟ.

ಚೆನ್ನೈ: ಪಲ್ಲಾವರಂ, ಸೇಂಟ್ ಥಾಮಸ್ ಮೌಂಟ್ ಸುತ್ತ ಸಿಗುವುದು ಚಾರ್ನೊಕೈಟ್ ಎಂಬ ಗಟ್ಟಿ ಶಿಲೆ. ಕೋಲ್ಕತ್ತಾದಲ್ಲಿರುವ ಜಾಬ್ ಚಾರ್ನಾಕ್ ಸಮಾಧಿಯ ಕಲ್ಲಿನಿಂದ ಇದಕ್ಕೆ ಆ ಹೆಸರು ಬಂತು. ನಗರದ ಹೊರವಲಯದಲ್ಲಿ ಕೈಬಿಟ್ಟ ಕಲ್ಲು ಕ್ವಾರಿಗಳಿವೆ. ನೀರು ತುಂಬಿದ ಆಳವಾದ ಗುಂಡಿಗಳ ಅಂಚಿನ ಹಾದಿಯನ್ನು ಬಿಟ್ಟುಬಿಡುವುದೇ ಲೇಸು.

ದೆಹಲಿ, ಗುರುಗ್ರಾಮ: ಅರಾವಳಿಯ ಕ್ವಾರ್ಟ್‌ಝೈಟ್ ಒಡೆದರೆ ಅಂಚು ಚೂರಿಯಂತಿರುತ್ತದೆ. ಟೈರಿನ ಪಕ್ಕದ ಗೋಡೆಯನ್ನು ಸೀಳುತ್ತದೆ. ಜೊತೆಗೆ ವಿಲಾಯತಿ ಕೀಕರ್ ಮುಳ್ಳು ಬೇರೆ. ಇದು ಉತ್ತರ ಕರ್ನಾಟಕದವರು ಬಲ್ಲ ಬಳ್ಳಾರಿ ಜಾಲಿಯೇ. ಪಂಕ್ಚರ್ ಸಾಮಾನು ಇಲ್ಲದೆ ಇಲ್ಲಿಗೆ ಹೋದರೆ ಸೈಕಲ್ ತಳ್ಳಿಕೊಂಡು ಬರಬೇಕಾದೀತು.

ಸೈಕಲ್ ಹೇಗಿರಬೇಕು?

ಅಂಗಡಿಯಲ್ಲಿ 'ಎಂಟಿಬಿ' ಎಂದು ಮಾರುವ ಎಲ್ಲ ಸೈಕಲ್‌ಗಳೂ ಬಂಡೆಗಲ್ಲಿಗೆ ತಕ್ಕವಲ್ಲ. ದಪ್ಪ ಟೈರು, ಮುಂದೆ ಸ್ಪ್ರಿಂಗ್ ಇದ್ದ ಮಾತ್ರಕ್ಕೆ ಸಾಲದು. ಕಡಿಮೆ ಬೆಲೆಯ ಹಲವು ಮಾದರಿಗಳ ಫ್ರೇಮು ಮತ್ತು ಫೋರ್ಕು ರಸ್ತೆಯ ಹಳ್ಳ-ದಿಣ್ಣೆಗಷ್ಟೇ ಸಾಕು. ಖರೀದಿಸುವಾಗ ಈ ಅಂಶಗಳನ್ನು ಗಮನಿಸಿ.

ಬ್ರೇಕ್: ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ಒಂದೇ ಬೆರಳಿನಲ್ಲಿ ಹಿಡಿಯಬಹುದು. ಉಳಿದ ಬೆರಳುಗಳು ಹ್ಯಾಂಡಲ್ ಬಿಗಿಹಿಡಿಯಲು ಸಿಗುತ್ತವೆ.

ಸಸ್ಪೆನ್ಷನ್: ಸವಾರ ಕುಳಿತಾಗ ಒಟ್ಟು ಚಲನೆಯ ಶೇ. 20ರಿಂದ 30ರಷ್ಟು ಕುಗ್ಗುವಂತೆ ಹೊಂದಿಸುವುದು ರೂಢಿ. ತೀರಾ ಗಟ್ಟಿಯಾದರೆ ಕಲ್ಲಿನಿಂದ ಕಲ್ಲಿಗೆ ಚಕ್ರ ಪುಟಿಯುತ್ತದೆ.

ಚಕ್ರ: 29 ಇಂಚಿನ ಚಕ್ರ ಕಲ್ಲಿನ ಅಂಚನ್ನು ಕಡಿಮೆ ಕೋನದಲ್ಲಿ ಮುಟ್ಟುವುದರಿಂದ ಸುಲಭವಾಗಿ ಹತ್ತಿ ದಾಟುತ್ತದೆ. 27.5 ಇಂಚಿನದು ತಿರುವುಗಳಲ್ಲಿ ಚುರುಕು.

ಸೀಟು: ಇಳಿಜಾರಿನಲ್ಲಿ ಸೀಟು ತಗ್ಗಿಸಲೇಬೇಕು. ಹ್ಯಾಂಡಲ್‌ನಿಂದಲೇ ಸೀಟು ತಗ್ಗಿಸುವ ಡ್ರಾಪರ್ ಪೋಸ್ಟ್ ಇದ್ದರೆ ಅನುಕೂಲ. ಇಲ್ಲದವರು ನಿಂತು ಕೈಯಲ್ಲೇ ತಗ್ಗಿಸಿಕೊಳ್ಳಿ.

ಟೈರಿನ ಗಾಳಿಯನ್ನು ಹೊಸಬರು ಹೆಚ್ಚಾಗಿ ಕಡೆಗಣಿಸುತ್ತಾರೆ. ರಸ್ತೆಯ ಅಭ್ಯಾಸದಂತೆ ಗಟ್ಟಿಯಾಗಿ ಗಾಳಿ ತುಂಬಿದರೆ ಕಲ್ಲಿನ ಮೇಲೆ ಟೈರ್ ಪುಟಿಯುತ್ತದೆ, ಹಿಡಿತ ಸಿಗುವುದಿಲ್ಲ. 70 ಕೆ.ಜಿ. ಆಸುಪಾಸಿನ ಸವಾರರು 2.3-2.4 ಇಂಚಿನ ಟ್ಯೂಬ್‌ಲೆಸ್ ಟೈರಿಗೆ ಸುಮಾರು 20ರಿಂದ 25 ಪಿಎಸ್‌ಐ ಇಡುತ್ತಾರೆ. ಮುಂದಿನ ಚಕ್ರಕ್ಕೆ ಹಿಂದಿನದಕ್ಕಿಂತ ತುಸು ಕಡಿಮೆ. ಟ್ಯೂಬ್ ಇರುವ ಟೈರಿಗೆ ಇದಕ್ಕಿಂತ ಹೆಚ್ಚು ಬೇಕು. ಇಲ್ಲದಿದ್ದರೆ ಕಲ್ಲಿಗೂ ರಿಮ್‌ಗೂ ನಡುವೆ ಟ್ಯೂಬ್ ಸಿಕ್ಕಿ, ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ.

ಕಲ್ಲಿನ ಮೇಲೆ ತುಳಿಯುವ ಕ್ರಮ

ಇಳಿಯುವಾಗ ಸೀಟಿನಿಂದ ಎದ್ದು ನಿಲ್ಲಬೇಕು. ಎರಡೂ ಪೆಡಲ್ ನೆಲಕ್ಕೆ ಸಮಾನಾಂತರವಾಗಿರಲಿ. ಒಂದು ಪೆಡಲ್ ಕೆಳಗಿದ್ದರೆ ಕಲ್ಲಿಗೆ ತಗುಲಿ ಸೈಕಲ್ ಪಲ್ಟಿಯಾಗಬಹುದು. ಹಿಮ್ಮಡಿ ತುಸು ಕೆಳಗೆ, ಮೊಣಕಾಲು-ಮೊಣಕೈ ಬಾಗಿರಲಿ. ಸೈಕಲ್ ನಿಮ್ಮ ಕೆಳಗೆ ಕುಣಿಯಲಿ, ನೀವು ಅದರ ಜೊತೆ ಕುಣಿಯಬೇಡಿ.

ಬ್ರೇಕ್ ಹಾಕುವುದು ಕಲ್ಲುಗಳು ಶುರುವಾಗುವ ಮೊದಲು, ಕಲ್ಲುಗಳ ನಡುವೆ ಅಲ್ಲ. ಕಲ್ಲಿಗೆ ತಾಗಿದ ಕ್ಷಣದಲ್ಲೇ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಅಲ್ಲೇ ನಿಲ್ಲುತ್ತದೆ, ಸವಾರ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹಾರುತ್ತಾನೆ. ತೀರಾ ನಿಧಾನವಾದರೂ ಕಷ್ಟವೇ. ಉರುಳುವ ವೇಗ ಸಾಲದೆ ಚಕ್ರ ಸಣ್ಣ ಗುಳಿಯಲ್ಲೂ ಸಿಕ್ಕಿಕೊಳ್ಳುತ್ತದೆ. ನಡಿಗೆಗಿಂತ ತುಸು ಹೆಚ್ಚಿನ, ಏರುಪೇರಿಲ್ಲದ ವೇಗದಿಂದ ಕಲಿಯಲು ಶುರು ಮಾಡುವುದು ಒಳ್ಳೆಯದು.

ಕಣ್ಣು ಮುಂದಿನ ಚಕ್ರದ ಮೇಲಲ್ಲ, ನಾಲ್ಕೈದು ಮೀಟರ್ ಮುಂದೆ ಇರಬೇಕು. ಯಾವ ಕಲ್ಲನ್ನು ನೋಡುತ್ತೀರೋ ಸೈಕಲ್ ಅತ್ತಲೇ ಹೋಗುತ್ತದೆ.

ಏರುವಾಗ ಲೆಕ್ಕ ಬೇರೆ. ಸೀಟಿನ ಮುಂತುದಿಗೆ ಸರಿದು ಎದೆಯನ್ನು ತಗ್ಗಿಸಿದರೆ ಮುಂದಿನ ಚಕ್ರ ಏಳುವುದಿಲ್ಲ, ಹಿಂದಿನದೂ ಜಾರುವುದಿಲ್ಲ. ಗೇರ್ ಮೊದಲೇ ಇಳಿಸಿಕೊಳ್ಳಿ. ಕಲ್ಲು ಎತ್ತರವಿರುವಲ್ಲಿ ಪೂರ್ತಿ ಸುತ್ತು ತುಳಿಯದೆ ಪೆಡಲನ್ನು ಅರ್ಧ ಮುಂದೆ, ಮತ್ತೆ ಹಿಂದೆ ತಂದು ತುಳಿದರೆ ಪೆಡಲ್ ಕಲ್ಲಿಗೆ ಬಡಿಯುವುದು ತಪ್ಪುತ್ತದೆ.

ಇಬ್ಬರಿದ್ದಾಗ ಯಾರು ಏನು ಮಾಡಬೇಕು?

ಮೊದಲು ನಡೆದು ನೋಡಿ: ಕಠಿಣ ಜಾಗ ಬಂದಾಗ ಇಬ್ಬರೂ ಸೈಕಲ್ ಮಲಗಿಸಿ, ಕೆಳಗಿನ ತುದಿಯವರೆಗೆ ನಡೆದು ಹೋಗಬೇಕು. ಮೇಲಿನಿಂದ ಕಂಡ ಜಾಡು ಕೆಳಗಿನಿಂದ ನೋಡಿದಾಗ ಬೇರೆಯೇ ಆಗಿರುತ್ತದೆ. ಒಬ್ಬರಿಗೆ ಕಾಣದ ಸಡಿಲ ಕಲ್ಲು ಇನ್ನೊಬ್ಬರಿಗೆ ಕಾಣುತ್ತದೆ.

ಕಳೆದ ವಾರ ದಾಟಿದ ಜಾಗವೇ ಆದರೂ ಮತ್ತೆ ನೋಡಬೇಕು. ಟೋಕಿಯೊ ಒಲಿಂಪಿಕ್ಸ್ ಇದಕ್ಕೆ ಸಾಕ್ಷಿ. 2021ರ ಜುಲೈ 26ರಂದು ಇಝುವಿನಲ್ಲಿ ನಡೆದ ಪುರುಷರ ಸ್ಪರ್ಧೆಯ ಮೊದಲ ಸುತ್ತಿನಲ್ಲೇ ನೆದರ್ಲೆಂಡ್ಸ್‌ನ ಮ್ಯಾಥ್ಯೂ ವಾನ್ ಡರ್ ಪೂಲ್ ಬಂಡೆಯ ಡ್ರಾಪ್ ಒಂದರಲ್ಲಿ ಬಿದ್ದರು. ಅಭ್ಯಾಸದ ವೇಳೆ ಅಲ್ಲಿ ಇಟ್ಟಿದ್ದ ಹಲಗೆಯನ್ನು ಸ್ಪರ್ಧೆಯ ದಿನ ತೆಗೆಯಲಾಗಿತ್ತು. ಹಲಗೆ ಇರುತ್ತದೆ ಎಂದುಕೊಂಡಿದ್ದಾಗಿ ಬಳಿಕ ಅವರೇ ಹೇಳಿದರು. ಜಗತ್ತಿನ ಅಗ್ರ ಸವಾರರಲ್ಲಿ ಒಬ್ಬರು ಪದಕದ ರೇಸ್‌ನಿಂದ ಹೊರಬಿದ್ದರು. ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ಚಿನ್ನ ಗೆದ್ದರು.

ಒಮ್ಮೆಗೆ ಒಬ್ಬರೇ: ಕಠಿಣ ಜಾಗವನ್ನು ಇಬ್ಬರೂ ಒಟ್ಟಿಗೆ ಇಳಿಯಬಾರದು. ಮುಂದಿನವರು ಬಿದ್ದರೆ ಹಿಂದಿನವರು ಅವರ ಮೇಲೆಯೇ ಹೋಗುತ್ತಾರೆ. ಮೊದಲು ಇಳಿದವರು ಹಾದಿಯಿಂದ ಪಕ್ಕಕ್ಕೆ ಸರಿದು, ಪೂರ್ತಿ ಕಾಣುವ ಜಾಗದಲ್ಲಿ ನಿಂತ ಮೇಲೆ ಇನ್ನೊಬ್ಬರು ಹೊರಡಬೇಕು.

ಅನುಭವಿಗಳು ಮುಂದೆ: ಹೆಚ್ಚು ಅನುಭವ ಇರುವವರು ಮೊದಲು ಇಳಿದು ಜಾಡು ತೋರಿಸುವುದು ವಾಡಿಕೆ. ಆದರೆ ಅವರ ವೇಗವನ್ನು ನಕಲು ಮಾಡಬಾರದು. ಎಲ್ಲಿ ಬ್ರೇಕ್ ಬಿಟ್ಟರು, ಯಾವ ಕಲ್ಲಿನ ಎಡಕ್ಕೆ ಹೋದರು ಎಂಬುದನ್ನಷ್ಟೇ ಗಮನಿಸಬೇಕು.

ಹಿಡಿಯುವುದು ಸವಾರರನ್ನು: ಡ್ರಾಪ್ ಪಕ್ಕದಲ್ಲಿ ನಿಂತು ಆಸರೆ ಕೊಡುವವರು ಬೀಳುವ ಸೈಕಲನ್ನು ಹಿಡಿಯಲು ಹೋಗಬಾರದು. ಸವಾರರ ಸೊಂಟ ಅಥವಾ ಭುಜಕ್ಕೆ ಕೈ ಕೊಡಬೇಕು. ಸೈಕಲ್ ಹೋದರೆ ಹೋಗಲಿ. ವೇಗವಾಗಿ ಇಳಿಯುವ ಜಾಗದಲ್ಲಿ ಆಸರೆಗೆ ನಿಲ್ಲುವುದೇ ಅಪಾಯ, ಅಲ್ಲಿ ದೂರದಿಂದ ನೋಡಿದರೆ ಸಾಕು.

ಕೂಗು ಒಂದೇ ಥರ ಇರಲಿ: ಕನ್ನಡದಲ್ಲಿ 'ತಡಿ' ಮತ್ತು 'ನಡಿ' ಗಾಳಿಯಲ್ಲಿ ಒಂದೇ ರೀತಿ ಕೇಳಿಸುತ್ತವೆ. ಒಂದಕ್ಕೆ ನಿಲ್ಲು ಎಂದರ್ಥ, ಇನ್ನೊಂದಕ್ಕೆ ಹೊರಡು ಎಂದರ್ಥ. ಹೆಲ್ಮೆಟ್ ಹಾಕಿಕೊಂಡು 30 ಮೀಟರ್ ಮೇಲೆ ನಿಂತವರಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. 'ನಿಲ್ಲು' ಮತ್ತು 'ಬಾ' ಎಂಬೆರಡೇ ಪದಗಳನ್ನು ಇಟ್ಟುಕೊಳ್ಳಿ. ಜೊತೆಗೆ ಕೈಸನ್ನೆ ಇರಲಿ. ತಲೆಯ ಮೇಲೆ ಎರಡೂ ಕೈ ಅಡ್ಡ ಹಾಕಿದರೆ ನಿಲ್ಲು, ಒಂದು ಕೈ ನೇರ ಎತ್ತಿದರೆ ಬಾ ಎಂದು ಮೊದಲೇ ಮಾತಾಡಿಕೊಳ್ಳಿ.

'ಬಾರೋ, ಆಗುತ್ತೆ' ಎನ್ನುವ ಮುನ್ನ

ಜೊತೆಯಿಂದಲೇ ಬರುವ ಅಪಾಯವೂ ಇದೆ. ಒಬ್ಬರು ದಾಟಿದ ಮೇಲೆ ಇನ್ನೊಬ್ಬರಿಗೆ ಇಳಿದು ನಡೆಯಲು ಸಂಕೋಚ. ಮೇಲೆ ನಿಂತು ಹಿಂಜರಿಯುತ್ತಿರುವವರಿಗೆ ಕೆಳಗಿನಿಂದ 'ಏನಾಗಲ್ಲ ಬಾರೋ', 'ಬಾರೇ, ಆಗುತ್ತೆ' ಎಂಬ ಹುರಿದುಂಬಿಕೆ. ಫೋನಿನ ಕ್ಯಾಮೆರಾ ಆನ್ ಆಗಿದ್ದರೆ ಮುಗಿದೇಹೋಯಿತು. ಅರೆಮನಸ್ಸಿನಲ್ಲಿ ಹೊರಟವರು ಅರ್ಧದಾರಿಯಲ್ಲಿ ಬ್ರೇಕ್ ಹಿಡಿಯುತ್ತಾರೆ. ಕಲ್ಲಿನ ನಡುವೆ ಬ್ರೇಕ್ ಹಿಡಿದರೆ ಏನಾಗುತ್ತದೆ ಎಂಬುದನ್ನು ಮೇಲೆಯೇ ಹೇಳಲಾಗಿದೆ.

ಇದಕ್ಕೆ ಸರಳ ಒಪ್ಪಂದವೊಂದು ಸಾಕು. ಇಬ್ಬರಲ್ಲಿ ಯಾರು ಸೈಕಲ್ ಇಳಿದು ನಡೆದರೂ ಇನ್ನೊಬ್ಬರು ಕಾರಣ ಕೇಳುವಂತಿಲ್ಲ, ಗೇಲಿಯಂತೂ ಕೂಡದು. ದಣಿವಿನ ವಿಷಯದಲ್ಲೂ ಅಷ್ಟೇ. 'ಇನ್ನೊಂದೇ ಸಲ' ಎಂದು ಹತ್ತುವಾಗ ಕೈ ಸೋತಿರುತ್ತದೆ, ಗಮನ ಕುಗ್ಗಿರುತ್ತದೆ. ಇಬ್ಬರಲ್ಲಿ ಒಬ್ಬರು ಸಾಕು ಎಂದರೆ ಅಲ್ಲಿಗೆ ಮುಗಿಸಬೇಕು.

ಬಿದ್ದರೆ ಏನು ಮಾಡಬೇಕು?

ಮೊದಲು ಹಾದಿಯ ಮೇಲ್ಭಾಗದಲ್ಲಿ ಒಂದು ಸೈಕಲನ್ನು ಎದ್ದು ಕಾಣುವಂತೆ ಅಡ್ಡ ಇಡಿ. ಹಿಂದೆ ಬರುವವರು ನಿಲ್ಲುತ್ತಾರೆ. ಬಿದ್ದವರನ್ನು ತಕ್ಷಣ ಎಬ್ಬಿಸಬೇಡಿ. ಕುತ್ತಿಗೆ, ಬೆನ್ನು ನೋಯುತ್ತಿದ್ದರೆ ಅಥವಾ ಕೈಕಾಲು ಜೋಮು ಹಿಡಿದಿದ್ದರೆ ಅಲುಗಾಡಿಸಲೇಬಾರದು. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ತೆಗೆಯುವುದೂ ಬೇಡ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ.

ತಲೆಗೆ ಪೆಟ್ಟಾದಾಗ ಹೊರಗೆ ಗಾಯ ಕಾಣದಿರಬಹುದು. ತಲೆನೋವು, ವಾಂತಿ, ತಲೆಸುತ್ತು, ಕೇಳಿದ್ದನ್ನೇ ಮತ್ತೆ ಕೇಳುವುದು, ಎಲ್ಲಿದ್ದೇವೆ ಎಂಬುದೇ ಮರೆಯುವುದು ಕನ್ಕಷನ್ ಲಕ್ಷಣಗಳು. ಇದನ್ನು ಗುರುತಿಸಬೇಕಾದವರು ಜೊತೆಯವರೇ. ಪೆಟ್ಟು ತಿಂದವರು 'ನನಗೇನೂ ಆಗಿಲ್ಲ' ಎನ್ನುವುದೇ ಹೆಚ್ಚು. ಅಂಥವರು ಆ ದಿನ ಮತ್ತೆ ಸೈಕಲ್ ಏರಬಾರದು. ವೈದ್ಯರಿಗೆ ತೋರಿಸಬೇಕು, ಮುಂದಿನ ಒಂದೆರಡು ದಿನ ಒಬ್ಬರೇ ಇರದಂತೆ ನೋಡಿಕೊಳ್ಳಬೇಕು. ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಫೋಮ್ ಕುಗ್ಗಿರುತ್ತದೆ. ಅದನ್ನು ಬದಲಿಸಲೇಬೇಕು.

ತುರ್ತು ನೆರವಿಗೆ ದೇಶದೆಲ್ಲೆಡೆ 112. ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣದಲ್ಲಿ ಆಂಬುಲೆನ್ಸ್‌ಗೆ 108. ಸಿಗ್ನಲ್ ಇಲ್ಲದಿದ್ದರೆ ಗಾಯಾಳುವನ್ನು ನೆರಳಿನಲ್ಲಿ, ನೀರು ಮತ್ತು ಸೀಟಿಯ ಜೊತೆ ಇರಿಸಿ ಇನ್ನೊಬ್ಬರು ಸಿಗ್ನಲ್ ಸಿಗುವ ಕಡೆಗೆ ಹೋಗಬೇಕಾಗುತ್ತದೆ. ಮೂವರಿದ್ದರೆ ಒಬ್ಬರು ಗಾಯಾಳುವಿನ ಬಳಿ ಉಳಿಯಬಹುದು. ಹೀಗಾಗಿ ಜನಸಂಚಾರವಿಲ್ಲದ ಹಾದಿಗೆ ಮೂವರು ಹೋಗುವುದು ಇನ್ನೂ ಒಳ್ಳೆಯದು.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಭಾಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸಿ. ಬಂಡೆಗಳ ಪಕ್ಕದಲ್ಲಿ ಹೆಜ್ಜೇನು ಗೂಡು ಕಂಡರೆ ಗದ್ದಲ ಮಾಡದೆ ಹಿಂದಿರುಗಿ.

ಎಲ್ಲಿ ಹೋಗಬಹುದು, ಎಲ್ಲಿ ಬೇಡ?

ಹಾದಿ ಕಂಡಲ್ಲೆಲ್ಲ ಸೈಕಲ್ ಇಳಿಸುವಂತಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಪ್ರವೇಶಕ್ಕೆ ಅನುಮತಿ ಬೇಕು. ಮುಂಬೈಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, ದೆಹಲಿಯ ಅಸೋಲಾ ಭಟ್ಟಿ ಅಭಯಾರಣ್ಯಕ್ಕೂ ಇದು ಅನ್ವಯ. ಇಲ್ಲಿ ಚಿರತೆಗಳೂ ಇವೆ. ಊರಿಗೆ ಬಂದಾಗ ಬೆಂಗಳೂರಿನ ತುರಹಳ್ಳಿ, ರಾಮನಗರದ ಬಂಡೆಗಳತ್ತ ಹೊರಡುವವರೂ ಗಮನಿಸಬೇಕು. ತುರಹಳ್ಳಿ ಅರಣ್ಯ ಇಲಾಖೆಗೆ ಸೇರಿದ ಕಾಡು. ರಾಮನಗರದ ರಾಮದೇವರ ಬೆಟ್ಟ ರಣಹದ್ದುಗಳ ಧಾಮ. ಸ್ಥಳೀಯ ನಿಯಮ ಕೇಳಿಕೊಂಡೇ ಹೋಗಿ.

ಪುಣೆಯ ವೇತಾಳ ಟೇಕಡಿಯಂಥ ಕಡೆ ನಡೆಯುವವರು, ಓಡುವವರು, ಹಿರಿಯರು ಇರುತ್ತಾರೆ. ನಡೆಯುವವರಿಗೆ ಮೊದಲು ದಾರಿ, ಏರಿ ಬರುತ್ತಿರುವ ಸೈಕಲ್‌ಗೆ ಇಳಿಯುವವರು ದಾರಿ ಬಿಡಬೇಕು ಎಂಬುದು ಎಲ್ಲೆಡೆ ಒಪ್ಪಿತ ಶಿಷ್ಟಾಚಾರ. ಮಳೆ ಬಂದ ಮರುದಿನ ಹಸಿ ಮಣ್ಣಿನ ಹಾದಿಯಲ್ಲಿ ತುಳಿದರೆ ಆಳವಾದ ಗೀರು ಬಿದ್ದು, ಮುಂದಿನ ಮಳೆಗೆ ಅದೇ ಕೊರಕಲಾಗುತ್ತದೆ. ಕಾಸ್‌ನಂಥ ಮುರಕಲ್ಲು ಪ್ರಸ್ಥಭೂಮಿಗಳ ತೆಳು ಮಣ್ಣಿನಲ್ಲಿ ಅಪರೂಪದ ಸಸ್ಯಗಳಿವೆ. ಅಲ್ಲಿ ಸೈಕಲ್ ಇಳಿಸಲೇಬಾರದು.

ಹೊರಡುವ ಮುನ್ನ ಇಷ್ಟು ನೋಡಿಕೊಳ್ಳಿ

• ಹೆಲ್ಮೆಟ್, ಪೂರ್ತಿ ಬೆರಳಿನ ಗ್ಲೌಸ್, ಮೊಣಕಾಲು-ಮೊಣಕೈ ಪ್ಯಾಡ್ ಇಬ್ಬರಿಗೂ ಇರಲಿ. ಡ್ರಾಪ್‌ಗಳಿರುವ ಹಾದಿಗೆ ಮುಖ ಮುಚ್ಚುವ ಫುಲ್ ಫೇಸ್ ಹೆಲ್ಮೆಟ್ ಉತ್ತಮ.

• ಪಂಪ್, ಚೈನ್ ಟೂಲ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇಬ್ಬರ ನಡುವೆ ಒಂದಿದ್ದರೆ ಸಾಕು. ನೀರು ಮಾತ್ರ ಬೇರೆ ಬೇರೆ.

• ಒಬ್ಬರದು 29, ಇನ್ನೊಬ್ಬರದು 27.5 ಇಂಚಿನ ಚಕ್ರವಾಗಿದ್ದರೆ ತಮ್ಮ ತಮ್ಮ ಅಳತೆಯ ಟ್ಯೂಬ್ ಒಯ್ಯಬೇಕು. ಚೈನಿನ ಲಿಂಕ್ ಗೇರ್ ಸಂಖ್ಯೆಗೆ ತಕ್ಕಂತೆ ಬದಲಾಗುತ್ತದೆ. ಕಲ್ಲಿಗೆ ಬಡಿದು ಬಾಗುವ ಡಿರೈಲರ್ ಹ್ಯಾಂಗರ್ ಸಾಮಾನ್ಯವಾಗಿ ಮಾದರಿಗೊಂದು. ಇವನ್ನು ಹಂಚಿಕೊಳ್ಳಲಾಗದು.

• ಆಫ್‌ಲೈನ್ ಮ್ಯಾಪ್ ಇಬ್ಬರ ಫೋನಿನಲ್ಲೂ ಇರಲಿ. ಒಬ್ಬರ ಫೋನ್ ಬಿದ್ದು ಒಡೆಯಬಹುದು.

• ಪರಸ್ಪರರ ರಕ್ತದ ಗುಂಪು, ಅಲರ್ಜಿ, ಮನೆಯವರ ನಂಬರ್ ಗೊತ್ತಿರಲಿ. ಊರಿನಿಂದ ದೂರ ಇರುವವರು ಸ್ಥಳೀಯರೊಬ್ಬರ ನಂಬರನ್ನೂ ಇಟ್ಟುಕೊಳ್ಳಬೇಕು. ಧಾರವಾಡದಲ್ಲಿರುವ ಅಪ್ಪ-ಅಮ್ಮ ಗುರುಗ್ರಾಮದ ಆಸ್ಪತ್ರೆಗೆ ತಕ್ಷಣ ಬರಲಾರರು.

• ಯಾವ ಹಾದಿ, ಎಷ್ಟು ಹೊತ್ತಿಗೆ ವಾಪಸ್ ಎಂಬುದನ್ನು ಮನೆಯಲ್ಲಿ ಅಥವಾ ರೂಂಮೇಟ್‌ಗೆ ಹೇಳಿ ಹೋಗಿ. ಹೇಳಿದ ಹೊತ್ತಿಗೆ ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ತಿಳಿಸಿರಿ.

ಕಲ್ಲಿನ ಹಾದಿಯನ್ನು ಒಂದೇ ದಿನದಲ್ಲಿ ಕಲಿಯಲಾಗದು. ಹತ್ತು ಮೀಟರಿನ ಒಂದೇ ಜಾಗವನ್ನು ಆರಿಸಿಕೊಂಡು, ಒಬ್ಬರು ತುಳಿಯುವಾಗ ಇನ್ನೊಬ್ಬರು ನೋಡಿ, ಸರದಿಯಂತೆ ಹತ್ತಾರು ಸಲ ದಾಟುವುದು ಒಳ್ಳೆಯ ಆರಂಭ. ಎಲ್ಲಿ ತಡವರಿಸಿದಿರಿ ಎಂಬುದು ತುಳಿಯುವವರಿಗಿಂತ ನೋಡುತ್ತಿರುವವರಿಗೆ ಚೆನ್ನಾಗಿ ಕಾಣುತ್ತದೆ.